ಕ್ರಿಸ್‌ಮಸ್ ಮರಕ್ಕೆ ಕಪ್ಪೆಚಿಪ್ಪಿನ ಅಲಂಕಾರ: ಬೆಂಗಳೂರಲ್ಲಿ ಚಿಪ್ಪು ಎಲ್ಲಿಂದ ತರೋದು, ತೂತು ಹೇಗೆ ಹಾಕೋದು?

ಕಾಕ್ಸ್‌ಟೌನ್_ಮನೆ

ಎಲ್ಲರಿಗೂ ನಮಸ್ಕಾರ. ಈ ಸಲ ಕ್ರಿಸ್‌ಮಸ್ ಮರಕ್ಕೆ ಅಂಗಡಿಯ ಪ್ಲಾಸ್ಟಿಕ್ ಗುಂಡುಗಳು ಬೇಡ ಅಂತ ಮನೆಯಲ್ಲಿ ಮಾತಾಗಿದೆ. ಹಳೇ ಡಬ್ಬ ತೆಗೆದು ನೋಡಿದರೆ ಅರ್ಧಕ್ಕರ್ಧ ಗುಂಡುಗಳ ಬಣ್ಣ ಸುಲಿದುಹೋಗಿದೆ. ನಾದಿನಿಯ ಮಕ್ಕಳು ರಜೆಗೆ ಇಲ್ಲೇ ಇರುತ್ತಾರೆ. ಟಿವಿ ಮುಂದೆ ಕೂರಿಸುವ ಬದಲು ಅವರ ಕೈಯಲ್ಲೇ ಏನಾದರೂ ಮಾಡಿಸೋಣ ಅನ್ನಿಸಿತು. ಸಮುದ್ರದ ಚಿಪ್ಪುಗಳಿಂದ ದೇವದೂತ, ನಕ್ಷತ್ರ, ಬಾಲಯೇಸು ಮಲಗುವಷ್ಟು ಪುಟ್ಟ ಗೋದಲಿ, ಹೀಗೆ.

ತೊಂದರೆ ಏನಂದ್ರೆ ನಾವಿರುವುದು ಬೆಂಗಳೂರು. ಸಮುದ್ರ ಎಲ್ಲಿಂದ ಬರಬೇಕು? ಮೊನ್ನೆ ಒಂದು ಗಿಫ್ಟ್ ಅಂಗಡಿಯಲ್ಲಿ ಅಲಂಕಾರದ ಚಿಪ್ಪುಗಳ ಪ್ಯಾಕೆಟ್ ನೋಡಿದೆ. ಬಲೆ ಚೀಲದಲ್ಲಿ ತರಹೇವಾರಿ ಶಂಖ, ಒಣಗಿದ ನಕ್ಷತ್ರಮೀನು, ಒಂದು ಬಿಳಿ ಹವಳದ ತುಂಡು. ನೋಡಲು ಚೆನ್ನಾಗೇ ಇತ್ತು. ತಗೊಳ್ಳೋದಾ ಬೇಡವಾ ಅಂತ ಅನುಮಾನ ಬಂದು ಹಾಗೇ ವಾಪಸ್ ಬಂದೆ.

ಯಾರಾದರೂ ಮಾಡಿದವರಿದ್ದರೆ ಹೇಳಿ. ಚಿಪ್ಪು ಎಲ್ಲಿ ಸಿಗುತ್ತದೆ, ತೂತು ಹೇಗೆ ಹಾಕೋದು, ಯಾವ ಗೋಂದು ನಿಲ್ಲುತ್ತದೆ? ಮಕ್ಕಳಿಗೆ ಆರು ಮತ್ತು ಹತ್ತು ವರ್ಷ.

ಬಸವನಗುಡಿ_ಗೊಂಬೆಮನೆ

ಒಳ್ಳೇ ಯೋಚನೆ ಕಣ್ರೀ. ನಾವು ದಸರಾಕ್ಕೆ ಗೊಂಬೆ ಕೂರಿಸುವಾಗ ಕವಡೆ ಜಾಸ್ತಿ ಬಳಸುತ್ತೇವೆ. ಗ್ರಂಧಿಗೆ ಅಂಗಡಿಯಲ್ಲೇ ಸಿಗುತ್ತದೆ, ಚಿಕ್ಕಪೇಟೆ, ಬಳೇಪೇಟೆ ಕಡೆ ಹೋದರೆ ಬೇಕಾದಷ್ಟು. ಮಣಿ, ಮುತ್ತು, ಕೊಂಡಿ, ಪುಟ್ಟ ಪುಟ್ಟ ತಂತಿ ಉಂಗುರ, ಇವೆಲ್ಲ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್‌ನಲ್ಲಿ ನೋಡಿ. ಭಾನುವಾರ ಮಾತ್ರ ಹೋಗಬೇಡಿ.

ಕವಡೆಗೆ ತೂತು ಹಾಕುವ ಗೋಜೇ ಇಲ್ಲ. ಹಲ್ಲು ಹಲ್ಲಾಗಿರುವ ಸೀಳಿನೊಳಗೆ ಜರಿದಾರದ ಗಂಟು ತೂರಿಸಿ ಒಂದು ಹನಿ ಗೋಂದು ಬಿಟ್ಟರೆ ಆಯ್ತು. ಐದು ಕವಡೆಯನ್ನು ಮೂತಿ ಒಳಗೆ ಮಾಡಿ ರಟ್ಟಿನ ಬಿಲ್ಲೆ ಮೇಲೆ ಅಂಟಿಸಿದರೆ ಅದೇ ನಕ್ಷತ್ರ.

ನಿವೃತ್ತ_ಮೇಷ್ಟ್ರು

ಕಾಕ್ಸ್‌ಟೌನ್ ಅವರೇ, ಆ ಪ್ಯಾಕೆಟ್ ತಗೊಳ್ಳದೆ ಬಂದದ್ದು ಒಳ್ಳೇದಾಯ್ತು. ನಾನು ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದವನು. ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಮೊದಲು ಹವಳ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಸಮುದ್ರ ಬೀಸಣಿಗೆಯನ್ನೂ (ಬೀಸಣಿಗೆಯಂತೆ ಹರಡುವ ಹವಳದ ಬಳಗದ ಜೀವಿ) ಸೇರಿಸಿದರು. ಹುಲಿ ಇರುವ ಒಂದನೇ ಷೆಡ್ಯೂಲ್‌ನಲ್ಲೇ ಇವೂ ಇವೆ. ಅದೇ ವರ್ಷ 24 ಬಗೆಯ ಚಿಪ್ಪುಗಳೂ ಪಟ್ಟಿ ಸೇರಿದವು, 9 ಒಂದನೇ ಷೆಡ್ಯೂಲ್‌ಗೆ, 15 ನಾಲ್ಕನೆಯದಕ್ಕೆ. 2022ರ ತಿದ್ದುಪಡಿಯಲ್ಲಿ ಷೆಡ್ಯೂಲ್‌ಗಳನ್ನೇ ಹೊಸದಾಗಿ ಜೋಡಿಸಿದರು, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಾಟಿಲಸ್, ಕೊಂಬಿನ ಹೆಲ್ಮೆಟ್ ಶಂಖ, ಕಹಳೆಯಂತೆ ಊದುವ ದೊಡ್ಡ ಟ್ರೈಟನ್, ಎರಡು ಬಗೆಯ ಟ್ರೈಡಾಕ್ನಾ ದೈತ್ಯ ಚಿಪ್ಪು, ಇವೆಲ್ಲ 2001ರ ಆ 9ರ ಗುಂಪಿನವು. ಬೆರಳು ಚಾಚಿದಂತಿರುವ ಲ್ಯಾಂಬಿಸ್ ಶಂಖಗಳಲ್ಲಿ ಹಲವು, ಗುಂಡಿ ಮಾಡಲು ಬಳಸುತ್ತಿದ್ದ ಟ್ರೋಕಸ್, ಟರ್ಬೊ ಆ 15ರ ಗುಂಪಿನವು. ಗಿಫ್ಟ್ ಅಂಗಡಿಯ ಬಲೆ ಚೀಲದಲ್ಲಿ ಯಾವುದು ಯಾವುದು ಬೆರೆತಿದೆ ಅಂತ ಮಾರುವವನಿಗೇ ಗೊತ್ತಿರುವುದಿಲ್ಲ.

ಇನ್ನೊಂದು ವಿಷಯ. ಆನ್‌ಲೈನ್‌ನಲ್ಲಿ ಕ್ರಿಸ್‌ಮಸ್ ಅಲಂಕಾರ ಅಂತ ಹುಡುಕಿದರೆ ‘ಕ್ಯಾಪಿಜ್’ ಚಿಪ್ಪಿನ ನಕ್ಷತ್ರ, ಗಂಟೆ ಸಾಲುಸಾಲಾಗಿ ಬರುತ್ತವೆ. ಅರೆಪಾರದರ್ಶಕ, ಚಪ್ಪಟೆ, ಹಾಲುಬಿಳಿ. ಫಿಲಿಪ್ಪೀನ್ಸ್‌ನವರು ಅದರಿಂದ ಪಾರೋಲ್ ಅನ್ನುವ ನಕ್ಷತ್ರದೀಪ ಮಾಡುತ್ತಾರೆ. ಹಿಂದೆ ಬಿದಿರು ಮತ್ತು ಕಾಗದದಲ್ಲಿ ಮಾಡುತ್ತಿದ್ದದ್ದು, ಆಮೇಲೆ ಚಿಪ್ಪಿನಲ್ಲೂ ಬಂತು. ಅಲ್ಲಿ ಅದು ಮಾಮೂಲಿ. ಆದರೆ ಅದೇ ಸಿಂಪಿ, ಪ್ಲಾಕುನಾ ಪ್ಲಾಸೆಂಟಾ, ನಮ್ಮಲ್ಲಿ 2001ರ ಆ 24ರಲ್ಲಿ ಒಂದು. ಗೋವಾದ ಹಳೇ ಪೋರ್ಚುಗೀಸ್ ಮನೆಗಳ ಕಿಟಕಿಗೆ ಗಾಜಿನ ಬದಲು ಕೂರಿಸಿದ್ದಾರಲ್ಲ, ಅದೇ ಇದು.

ನಕ್ಷತ್ರಮೀನು ಬಿಡಿ. ಐದೂ ತೋಳು ನೆಟ್ಟಗೆ, ಎಲ್ಲೂ ಮುಕ್ಕಾಗದೆ ಒಣಗಿದೆ ಅಂದರೆ ಸಾಮಾನ್ಯವಾಗಿ ಅದನ್ನು ಜೀವಂತ ಹಿಡಿದು ಒಣಗಿಸಿದ್ದಾರೆ ಅಂತಲೇ ಅರ್ಥ.

ನೈಟ್‌ಶಿಫ್ಟ್

ಮೇಷ್ಟ್ರೇ, ಗೋಕರ್ಣದಿಂದ ಜೇಬಲ್ಲಿ ತಂದ ಚಿಪ್ಪು ನನ್ನ ಡೆಸ್ಕ್ ಮೇಲಿದೆ. ಜೈಲಾ?

ನಿವೃತ್ತ_ಮೇಷ್ಟ್ರು

ಇಲ್ಲ ಮಾರಾಯ. ಸಾಮಾನ್ಯ ಕಪ್ಪೆಚಿಪ್ಪು, ಮಳಿಚಿಪ್ಪು, ಸಣ್ಣ ಕವಡೆ ಆ ಪಟ್ಟಿಯಲ್ಲಿಲ್ಲ. ಆದರೆ ತಿರುಚಿದ ಶಂಖದಾಕಾರದ ಚಿಪ್ಪುಗಳನ್ನು ದಡದಲ್ಲೇ ಬಿಟ್ಟು ಬನ್ನಿ. ಸನ್ಯಾಸಿ ಏಡಿಯ ಹಿಂಭಾಗಕ್ಕೆ ಗಟ್ಟಿ ಕವಚ ಇಲ್ಲ, ಖಾಲಿ ಶಂಖದೊಳಗೇ ಅದರ ಸಂಸಾರ. ಎರಡು ಹೋಳಿನ ಚಿಪ್ಪು ಅದಕ್ಕೆ ಉಪಯೋಗಕ್ಕೆ ಬರುವುದಿಲ್ಲ, ಅದನ್ನು ತರಬಹುದು.

ಬಸವನಗುಡಿಯವರಿಗೆ ಒಂದು ಮಾತು. ಫಳಫಳ ಹೊಳೆಯುವ ಕವಡೆಯೂ ಜೀವಂತವಿದ್ದಾಗಲೇ ತೆಗೆದದ್ದು. ದಡಕ್ಕೆ ಬಂದು ಬಿದ್ದು ಮರಳಲ್ಲಿ ಉರುಳಾಡಿದ ಕವಡೆಗೆ ಆ ಹೊಳಪು ಉಳಿಯುವುದಿಲ್ಲ.

ಬಸವನಗುಡಿ_ಗೊಂಬೆಮನೆ

ಮೇಷ್ಟ್ರೇ, ನೀವು ಹೇಳಿದ್ದು ಸರಿ ಇರಬಹುದು, ಆದರೆ ಕವಡೆ ಇಲ್ಲದ ಮನೆ ಎಲ್ಲಿದೆ ಹೇಳಿ? ಚೌಕಾಬಾರ ಆಡೋಕೆ ಅಂತ ಅಜ್ಜಿ ಕಾಲದಲ್ಲಿ ತಂದಿದ್ದು ಡಬ್ಬಿ ತುಂಬಾ ಬಿದ್ದಿರುತ್ತದೆ. ಹೊಸದು ತರಬೇಡಿ ಅನ್ನಿ, ಒಪ್ಪುತ್ತೇನೆ. ಇರುವುದನ್ನು ಬಳಸಿದರೆ ಏನು ಹೋಯಿತು?

ನಿವೃತ್ತ_ಮೇಷ್ಟ್ರು

ಅದಕ್ಕೆ ನನ್ನದೇನೂ ತಕರಾರಿಲ್ಲ.

ಮಲ್ಪೆ_ಮೂಲ

ಇಷ್ಟೆಲ್ಲ ಕಾನೂನು ಓದಿ ಕಾಕ್ಸ್‌ಟೌನ್ ಅಕ್ಕ ಹೆದರಿ ಪ್ಲಾಸ್ಟಿಕ್ ಗುಂಡೇ ವಾಸಿ ಅನ್ನದಿದ್ದರೆ ಸಾಕು. ಅಕ್ಕಾ, ಅಂಗಡಿಗೂ ಹೋಗಬೇಡಿ, ಸಮುದ್ರಕ್ಕೂ ಹೋಗಬೇಡಿ. ಮೀನು ಮಾರ್ಕೆಟ್ಟಿಗೆ ಹೋಗಿ. ಊಟಕ್ಕೆ ತರುವ ಕಪ್ಪೆಚಿಪ್ಪು ಇದೆಯಲ್ಲ, ನಾವು ಮರುವಾಯಿ ಅನ್ನುವುದು, ಕಾರವಾರ ಕುಮಟಾ ಕಡೆಯವರ ಬಳಚು, ನಿಮ್ಮ ಪಕ್ಕದ ಮನೆ ಕೊಂಕಣಿಯವರ ಖುಬೆ. ಅದನ್ನು ತನ್ನಿ. ರಸೆಲ್ ಮಾರ್ಕೆಟ್‌ನಲ್ಲಿ ಕೇಳಿ. ಕರಾವಳಿ ಮೀನು ತರಿಸುವ ಅಂಗಡಿಯಾದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಡಬೇಕು, ದಿನಾ ಬರುವ ಸಾಮಾನಲ್ಲ.

ಮರುವಾಯಿ ಸುಕ್ಕ ಮಾಡುವಾಗ ಎರಡು ಹೋಳಿನಲ್ಲಿ ಒಂದನ್ನು ಎಸೆಯುತ್ತೇವೆ. ಮಾಂಸ ಇರುವ ಹೋಳು ಮಾತ್ರ ಮಸಾಲೆಗೆ ಬೀಳುವುದು. ಎಸೆಯುವ ಆ ಖಾಲಿ ಹೋಳೇ ನಿಮಗೆ ಬೇಕಾದದ್ದು. ಮಸಾಲೆಗೆ ಬಿದ್ದದ್ದನ್ನು ಆಮೇಲೆ ತೊಳೆದು ಬಳಸ್ತೀನಿ ಅಂದ್ರೆ ಅರಿಶಿನದ ಹಳದಿ ಹಿಡಿದಿರುತ್ತದೆ. ಅದೂ ಹೋಗುತ್ತದೆ, ತಾರಸಿ ಮೇಲೆ ಬಿಸಿಲಿಗೆ ಹರವಿ ಮರೆತುಬಿಡಿ. ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ.

ತೊಳೆಯುವುದು ಹೀಗೆ. ಸ್ವಲ್ಪ ನೀರಲ್ಲಿ ಬಾಯಿ ಬಿಡುವವರೆಗೆ ಬೇಯಿಸಿ, ಖಾಲಿ ಹೋಳು ಬೇರೆ ಮಾಡಿ, ಒಳಗೆ ಅಂಟಿಕೊಂಡ ಎರಡು ಚುಕ್ಕೆಯಷ್ಟು ಮಾಂಸ ಇರುತ್ತದೆ, ಅದೇ ಚಿಪ್ಪನ್ನು ಮುಚ್ಚುವ ಸ್ನಾಯು, ಅದನ್ನು ಚಾಕುವಿನ ತುದಿಯಿಂದ ಕೆರೆದು ತೆಗೆಯಿರಿ. ಆ ಚುಕ್ಕೆ ಉಳಿದರೆ ಮೂರನೇ ದಿನಕ್ಕೆ ಮನೆಯೆಲ್ಲ ಗಬ್ಬು. ಕೀಲಿನ ಹತ್ತಿರ ಕಪ್ಪಗೆ ರಬ್ಬರಿನಂಥದ್ದು ಇರುತ್ತದೆ, ಅದನ್ನೂ ಕಿತ್ತುಬಿಡಿ. ಹಳೇ ಟೂತ್‌ಬ್ರಷ್, ಪಾತ್ರೆ ಸೋಪು, ಆಮೇಲೆ ಒಂದು ರಾತ್ರಿ ಅಡುಗೆ ಸೋಡಾ ನೀರಲ್ಲಿ. ಬಿಸಿಲಿಗೆ ಒಣಗಿಸಿ. ಅಷ್ಟೇ.

ಕಾಕ್ಸ್‌ಟೌನ್_ಮನೆ

ಅಯ್ಯೋ, ಇದು ನನಗೆ ಹೊಳೆಯಲೇ ಇಲ್ಲವಲ್ಲ! ನಮ್ಮನೆಯವರಿಗೆ ಮರುವಾಯಿ ಅಂದ್ರೆ ಪ್ರಾಣ. ಒಂದು ಊಟಕ್ಕೆ ಒಂದು ಮರದ ಅಲಂಕಾರ ಬಂದುಬಿಡುತ್ತದೆ. ತೂತಿನ ಕಥೆ ಹೇಳಿ.

ಯೂಟ್ಯೂಬ್_ಗುರು

ವಿನೆಗರ್‌ನಲ್ಲಿ ನೆನೆಸಿಟ್ಟರೆ ಕ್ಲೀನ್ ಆಗಿ ಸಖತ್ ಹೊಳಪು ಬರುತ್ತೆ ಅಂತ ನೋಡಿದ್ದೆ. ಟ್ರೈ ಮಾಡಿ ಮೇಡಂ.

ಕೆಮಿಸ್ಟ್ರಿ_ಲ್ಯಾಬ್

ದಯವಿಟ್ಟು ಬೇಡ. ಚಿಪ್ಪು ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದಕಲ್ಲಿನ ಜಾತಿ. ವಿನೆಗರ್‌ಗೆ ಹಾಕಿದ ತಕ್ಷಣ ಬುಸಬುಸ ಗುಳ್ಳೆ ಬರುತ್ತದಲ್ಲ, ಅದು ಕೊಳೆ ಹೋಗುತ್ತಿರುವುದಲ್ಲ, ಚಿಪ್ಪೇ ಕರಗಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತಿರುವುದು. ಅಂಗಡಿಯವರು ಆಸಿಡ್‌ನಲ್ಲಿ ಕ್ಷಣ ಮುಳುಗಿಸಿ ಮೇಲಿನ ಪದರ ತೆಗೆದು ಮಿರುಗು ತರುತ್ತಾರೆ, ನಿಜ. ಮನೆಯಲ್ಲಿ ರಾತ್ರಿಯಿಡೀ ನೆನೆಸಿದರೆ ಬೆಳಿಗ್ಗೆ ಸೀಮೆಸುಣ್ಣದಂತೆ ಪುಡಿಪುಡಿ. ನಿಂಬೆಹಣ್ಣು, ಹುಣಸೆಹಣ್ಣು ಎಲ್ಲಕ್ಕೂ ಇದೇ ಮಾತು.

ವಾಸನೆ ಹೋಗಲೇ ಇಲ್ಲ ಅಂದರೆ ಬ್ಲೀಚ್ ಬಳಸಬಹುದು. ಅರ್ಧ ನೀರು, ಅರ್ಧ ಬ್ಲೀಚ್, ಕೆಲವು ಗಂಟೆ ಸಾಕು. ಬಾಲ್ಕನಿಯಲ್ಲಿ ಮಾಡಿ, ಗ್ಲೌಸ್ ಹಾಕಿ, ಮಕ್ಕಳು ಹತ್ತಿರ ಬೇಡ. ಮುಖ್ಯವಾದದ್ದು ಇದು. ಬ್ಲೀಚ್ ಇಟ್ಟ ಬಕೆಟ್ಟಿಗೆ ವಿನೆಗರ್ ಆಗಲಿ ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ತಪ್ಪಿಯೂ ಬೀಳಬಾರದು. ಕ್ಲೋರಿನ್ ಗಾಳಿ ಬರುತ್ತದೆ, ಬಾತ್‌ರೂಮ್ ಬಾಗಿಲು ಮುಚ್ಚಿದ್ದರೆ ಆಸ್ಪತ್ರೆಯೇ ಗತಿ.

ಯೂಟ್ಯೂಬ್_ಗುರು

ಸರಿ ಮೇಡಂ, ವಾಪಸ್ ತಗೊಂಡೆ 🙏 ಹೊಳಪಿಗೆ ಮತ್ತೇನು ಮಾಡೋದು?

ಕೆಮಿಸ್ಟ್ರಿ_ಲ್ಯಾಬ್

ಬೇಬಿ ಆಯಿಲ್ ಒಂದು ತೊಟ್ಟು ಬಟ್ಟೆಗೆ ಹಾಕಿ ಒರೆಸಿ. ಒದ್ದೆ ಇದ್ದಾಗಿನ ಬಣ್ಣ ವಾಪಸ್ ಬರುತ್ತದೆ. ಆದರೆ ಅಂಟಿಸುವ ಕೆಲಸವೆಲ್ಲ ಮುಗಿದ ಮೇಲೆ ಮಾತ್ರ. ಎಣ್ಣೆ ತಾಗಿದ ಕಡೆ ಗೋಂದು ಹಿಡಿಯುವುದಿಲ್ಲ.

ಎಸ್‌ಪಿರೋಡ್_ಗಿರಾಕಿ

ತೂತಿಗೆ ನಾನು ಬಂದೆ. ಎಸ್‌ಪಿ ರಸ್ತೆಯಲ್ಲಿ ಸರ್ಕ್ಯೂಟ್ ಬೋರ್ಡಿಗೆ ತೂತು ಹಾಕುವ ಮಿನಿ ಡ್ರಿಲ್ ಸಿಗುತ್ತದೆ, ಜೊತೆಗೆ ಒಂದು ಮಿ.ಮೀ., ಒಂದೂವರೆ ಮಿ.ಮೀ. ಬಿಟ್. ಅದೇ ಸಾಕು, ಗೋಡೆ ಕೊರೆಯುವ ದೊಡ್ಡ ಡ್ರಿಲ್ ಹಿಡಿದರೆ ಚಿಪ್ಪು ಎರಡು ಹೋಳಲ್ಲ, ನಾಲ್ಕಾಗುತ್ತದೆ. ಚಿಪ್ಪನ್ನು ಬೋರಲು ಮಾಡದೆ ಬಟ್ಟಲಿನಂತೆ ಇಟ್ಟು, ಒಳಗಿನಿಂದ ಕೊರೆಯಿರಿ, ಬಿಟ್ ಜಾರುವುದಿಲ್ಲ. ಕೊರೆಯುವ ಜಾಗಕ್ಕೆ ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಾಕಿ. ಒತ್ತಬೇಡಿ, ಬಿಟ್‌ನ ತೂಕವೇ ಸಾಕು.

ಧೂಳಿನ ಬಗ್ಗೆ ಹುಷಾರು. ಚಿಪ್ಪಿನ ಪುಡಿ ತುಂಬಾ ನುಣುಪು, ಶ್ವಾಸಕ್ಕೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ಕೊರೆಯುವ ಜಾಗಕ್ಕೆ ಆಗಾಗ ಒಂದೊಂದು ಹನಿ ನೀರು ಬಿಡಿ. ಕರೆಂಟಿನ ಡ್ರಿಲ್ ಆದರೆ ನೀರಿನ ತಟ್ಟೆಯಲ್ಲಿ ಮುಳುಗಿಸಿ ಕೊರೆಯುವ ಸಾಹಸ ಬೇಡ. ಬ್ಯಾಟರಿಯದಾದರೆ ಪರವಾಗಿಲ್ಲ.

ಮಲ್ಪೆ_ಮೂಲ

ಎಸ್‌ಪಿರೋಡ್ ಅಣ್ಣ, ಡ್ರಿಲ್ ಯಾಕೆ? ಮಷೀನೇ ಬೇಡ. ಕಪ್ಪೆಚಿಪ್ಪಿನ ಕೀಲಿನ ಹತ್ತಿರ ಒಂದು ಗೂನು ಇದೆ ನೋಡಿ, ಚಿಪ್ಪು ಬೆಳೆಯಲು ಶುರು ಮಾಡಿದ ಜಾಗ. ಆ ಗೂನನ್ನು ಒಗೆಯುವ ಕಲ್ಲಿನ ಒರಟು ಕಡೆ ನೀರು ಹಾಕಿ ಉಜ್ಜಿ. ಫ್ಲ್ಯಾಟ್‌ನಲ್ಲಿ ಒಗೆಯುವ ಕಲ್ಲಿಲ್ಲ ಅಂದರೆ ವಾಟರ್‌ಪ್ರೂಫ್ ಎಮರಿ ಪೇಪರ್ 120 ನಂಬರಿನದು ತಂದು ಟೈಲ್ಸ್ ಮೇಲೆ ಇಟ್ಟುಕೊಳ್ಳಿ. ದುಂಡಗೆ ತಿರುಗಿಸುತ್ತಾ ಉಜ್ಜುತ್ತಿದ್ದರೆ ಮೊದಲು ಹಾಲಿನಂಥ ನೀರು ಬರುತ್ತದೆ. ಗೂನು ಸವೆದು ಚಪ್ಪಟೆ ಆಗುತ್ತದೆ. ಚಿಪ್ಪನ್ನು ಬೆಳಕಿಗೆ ಹಿಡಿದರೆ ಆ ಜಾಗ ತೆಳ್ಳಗೆ ಕಾಣುತ್ತದೆ. ಇನ್ನೊಂದೆರಡು ಸುತ್ತು ಉಜ್ಜಿದರೆ ಸೂಜಿಮೊನೆಯಷ್ಟು ತೂತು ತಾನೇ ಬೀಳುತ್ತದೆ. ಅದಕ್ಕೆ ದಬ್ಬಣ ಹಾಕಿ ಮೆಲ್ಲಗೆ ತಿರುಗಿಸಿದರೆ ದಾರಕ್ಕೆ ಬೇಕಾದಷ್ಟು ದೊಡ್ಡದಾಗುತ್ತದೆ. ಒದ್ದೆಯಲ್ಲೇ ಆಗುವುದರಿಂದ ಧೂಳೂ ಇಲ್ಲ. ಹತ್ತು ವರ್ಷದ ಹುಡುಗ ಆರಾಮಾಗಿ ಮಾಡುತ್ತಾನೆ. ತೂತು ನೆತ್ತಿಯಲ್ಲೇ ಬೀಳುವುದರಿಂದ ಚಿಪ್ಪು ನೇತು ಹಾಕಿದಾಗ ನೆಟ್ಟಗೆ ನಿಲ್ಲುತ್ತದೆ, ಇದು ಡ್ರಿಲ್‌ನಲ್ಲಿ ಸಿಗದ ಲಾಭ.

ಎಸ್‌ಪಿರೋಡ್_ಗಿರಾಕಿ

ಒಪ್ಪಿದೆ. ಆದರೆ ದಪ್ಪ ಸಿಂಪಿಗೆ ಉಜ್ಜುತ್ತಾ ಕೂತರೆ ಕ್ರಿಸ್‌ಮಸ್ ಮುಗಿದು ಯುಗಾದಿ ಬರುತ್ತೆ. ಅದಕ್ಕೆ ನನ್ನ ಡ್ರಿಲ್ಲೇ ಬೇಕು 😄

ನಿವೃತ್ತ_ಮೇಷ್ಟ್ರು

ತೂತು ಬಿದ್ದಿರುವ ಚಿಪ್ಪು ಪ್ರಕೃತಿಯಲ್ಲೇ ಸಿಗುತ್ತದೆ, ಗಮನಿಸಿದ್ದೀರಾ? ದಡದಲ್ಲಿ ಬಿದ್ದ ಕಪ್ಪೆಚಿಪ್ಪುಗಳಲ್ಲಿ ಕೆಲವಕ್ಕೆ ಗೂನಿನ ಹತ್ತಿರ ಅಚ್ಚುಕಟ್ಟಾದ ದುಂಡು ತೂತು ಇರುತ್ತದೆ. ಹೊರಗೆ ಅಗಲ, ಒಳಗೆ ಕಿರಿದು, ಬಡಗಿ ಮೊಳೆತಲೆ ಕೂರಿಸಲು ಕೊರೆದ ಹಾಗೆ. ಅದು ನ್ಯಾಟಿಕಾ ಜಾತಿಯ ಶಂಖದ ಹುಳುವಿನ ಕೆಲಸ. ಮರಳೊಳಗೆ ಕಪ್ಪೆಚಿಪ್ಪನ್ನು ತಬ್ಬಿ ಹಿಡಿದು, ಆಮ್ಲ ಸವರಿ ಮೆದು ಮಾಡಿಕೊಂಡು, ಹಲ್ಲಿನ ನಾಲಿಗೆಯಿಂದ ಕೆರೆದು ಕೆರೆದು ತೂತು ಮಾಡಿ ಒಳಗಿನ ಮಾಂಸ ತಿನ್ನುತ್ತದೆ. ಊರ ಕಡೆಯಿಂದ ಯಾರಾದರೂ ಬರುವವರಿದ್ದರೆ ಅಂಥದ್ದನ್ನೇ ಆರಿಸಿ ತರಲು ಹೇಳಿ. ಮಕ್ಕಳಿಗೆ ದಾರ ಪೋಣಿಸುವುದಷ್ಟೇ ಕೆಲಸ, ಮತ್ತೆ ಹೇಳಲು ಒಳ್ಳೇ ಕಥೆ.

ನೈಟ್‌ಶಿಫ್ಟ್

ಕ್ರಿಸ್‌ಮಸ್ ಮರದಲ್ಲಿ ಕೊಲೆಯ ಸಾಕ್ಷಿ ನೇತುಹಾಕೋದು. ಸೂಪರ್.

ಕಾಕ್ಸ್‌ಟೌನ್_ಮನೆ

ಆರು ವರ್ಷದವಳಿಗೆ ಈ ಕಥೆ ಮುಂದಿನ ವರ್ಷ ಹೇಳ್ತೀನಿ. ಈಗ ಗೋಂದು. ಗ್ಲೂ ಗನ್ ಮನೆಯಲ್ಲಿದೆ, ಸಾಕಾ?

ಬಸವನಗುಡಿ_ಗೊಂಬೆಮನೆ

ಗ್ಲೂ ಗನ್ ಚಿಪ್ಪಿಗೆ ಬರಲ್ಲ. ಅಂಟಿಸಿದ ದಿನ ಗಟ್ಟಿ ಇರುತ್ತದೆ, ಆಮೇಲೆ ಉಗುರಲ್ಲಿ ಎಬ್ಬಿಸಿದರೆ ಹಾಳೆಯಂತೆ ಎದ್ದು ಬರುತ್ತದೆ. ಒಳಮೈ ಅಷ್ಟು ನುಣುಪು. ಮಕ್ಕಳು ಕೈ ಸುಟ್ಟುಕೊಳ್ಳುವ ಭಯ ಬೇರೆ. ನಾನು ಅರಾಲ್ಡೈಟ್ ಬಳಸುವುದು, ಎರಡು ಟ್ಯೂಬಿನದು. ಕ್ಲಿಯರ್ ಅಂತ ಬರುವುದು ಬೇಗ ಹಿಡಿಯುತ್ತದೆ, ಸ್ಟ್ಯಾಂಡರ್ಡ್ ನಿಧಾನ ಆದರೆ ಇನ್ನೂ ಗಟ್ಟಿ. ಅಂಟಿಸುವ ಜಾಗವನ್ನು ಎಮರಿ ಪೇಪರಿನಲ್ಲಿ ಒಂದು ಸಲ ಗೀಚಿ ಒರಟು ಮಾಡಿಕೊಳ್ಳಿ. ಇದು ದೊಡ್ಡವರ ಕೆಲಸ, ಗ್ಲೌಸ್ ಹಾಕಿಯೇ ಮಾಡಬೇಕು.

ಮಕ್ಕಳಿಗೆ ಫೆವಿಕಾಲ್ ಕೊಡಿ. ಸೆಣಬಿನ ದಾರ, ಹತ್ತಿ, ಲೇಸು ಅಂಟಿಸಲು ಧಾರಾಳ ಸಾಕು. ತಕ್ಷಣ ಹಿಡಿಯುವ ಸೂಪರ್ ಗ್ಲೂ ಅಂತೂ ಬೇಡ. ಅದರ ಆವಿ ತಾಗಿ ಚಿಪ್ಪಿನ ಸುತ್ತ ಬಿಳೀ ಪೊರೆ ಕೂರುತ್ತದೆ, ಮುತ್ತಿನ ಹೊಳಪೆಲ್ಲ ಮಂಕು.

ಕಮ್ಮನಹಳ್ಳಿ_ಕುಸ್ವಾರ್

ಈಗ ದೇವದೂತ ಹೇಗೆ ಮಾಡೋದು ಅಂತ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಒಂದು ಕಡೆ ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ಕಿಡ್ಯೊ ಕರಿಯುತ್ತಿರುತ್ತೇವೆ, ಇನ್ನೊಂದು ಕಡೆ ಇದು ನಡೆಯುತ್ತಿರುತ್ತದೆ.

ಒಂದು ದೊಡ್ಡ ಹೋಳು ನಿಲುವಂಗಿ. ಗೂನು ಮೇಲೆ, ಅಗಲದ ಅಂಚು ಕೆಳಗೆ, ಉಬ್ಬಿದ ಕಡೆ ನಮ್ಮ ಕಡೆಗೆ. ರೆಕ್ಕೆಗೆ ಎರಡು ಸಣ್ಣ ಹೋಳು ಬೇಕು, ಎರಡೂ ಒಂದೇ ಕಪ್ಪೆಚಿಪ್ಪಿನದ್ದಾಗಿರಬೇಕು. ಎಡ ಬಲ ಹೋಳು ಒಂದಕ್ಕೊಂದು ಕನ್ನಡಿಯಲ್ಲಿ ಕಂಡ ಹಾಗೆ ಇರುತ್ತವೆ, ಬೇರೆ ಬೇರೆ ಚಿಪ್ಪಿನದು ತೆಗೆದರೆ ಎರಡೂ ರೆಕ್ಕೆ ಒಂದೇ ಕಡೆ ತಿರುಗಿ ದೇವದೂತ ವಾಲಿದಂತೆ ಕಾಣುತ್ತಾನೆ. ಅದಕ್ಕೇ ತೊಳೆಯುವಾಗಲೇ ಜೋಡಿ ಜೋಡಿ ಬೇರೆ ಇಡಿ. ಇಲ್ಲವಾದರೆ ರಾಶಿಯಲ್ಲಿ ಜೋಡಿ ಹುಡುಕುವುದರಲ್ಲೇ ಮಧ್ಯಾಹ್ನ ಹೋಗುತ್ತದೆ.

ಅಂಟಿಸುವಾಗ ಒಂದು ಬಟ್ಟಲಲ್ಲಿ ಅಕ್ಕಿ ತುಂಬಿ, ನಿಲುವಂಗಿಯನ್ನು ಅದರಲ್ಲಿ ಬೋರಲು ಮಲಗಿಸಿ, ಅಂದರೆ ಉಬ್ಬು ಅಕ್ಕಿಯೊಳಗೆ. ಬೆನ್ನ ಕಡೆಯಿಂದ ರೆಕ್ಕೆ ಕೂರಿಸಿ, ರೆಕ್ಕೆಗೂ ಅಕ್ಕಿಯನ್ನೇ ಆಸರೆ ಕೊಡಿ. ಒಣಗುವವರೆಗೆ ಕೈಯಲ್ಲಿ ಹಿಡಿದು ಕೂರುವ ಕಷ್ಟ ತಪ್ಪುತ್ತದೆ. ತಲೆಗೆ ಒಂದು ಮುತ್ತಿನ ಮಣಿ. ಮಣಿಯೊಳಗೆ ತೆಳು ಬಂಗಾರದ ತಂತಿ ತೂರಿಸಿ, ಮೇಲ್ಗಡೆ ಬಳೆ ಹಾಗೆ ಸುತ್ತಿದರೆ ಅದೇ ಪ್ರಭಾವಳಿ, ನೇತು ಹಾಕುವ ಕೊಂಡಿಯೂ ಅದೇ. ಕಣ್ಣು ಮೂಗು ಬರೆಯಬೇಡಿ. ಬರೆದರೆ ದೇವದೂತ ಹೋಗಿ ಕಾರ್ಟೂನ್ ಆಗುತ್ತದೆ, ಇದು ನನ್ನ ಅಭಿಪ್ರಾಯ.

ಗೋದಲಿಗೆ ಎರಡೂ ಹೋಳು ಕೀಲಿನ ಹತ್ತಿರ ಅರ್ಧ ತೆರೆದಂತೆ ಅಂಟಿಸಿ, ಒಳಗೆ ಒಣಹುಲ್ಲಿನ ಎಳೆ, ಮಧ್ಯೆ ಒಂದು ಬಾರ್ಲಿ ಕಾಳಿಗೆ ಬಿಳಿ ಬಟ್ಟೆ ಸುತ್ತಿ ಬಾಲಯೇಸು. ಅಷ್ಟು ಪುಟ್ಟದಕ್ಕೆ ಅಷ್ಟೇ ಸಾಕು.

ವೈಟ್‌ಫೀಲ್ಡ್_ಅಂಕಲ್

ನನ್ನ ಕನ್ನಡ ಸ್ವಲ್ಪ ಹಾಗೇ ಹೀಗೇ, ಕ್ಷಮಿಸಿ. ನಮ್ಮ ಕಸಿನ್ ಅಮೆರಿಕದಿಂದ ಸ್ಯಾಂಡ್ ಡಾಲರ್ ಅನ್ನುವ ಸಮುದ್ರಜೀವಿಯ ಚಿಪ್ಪಿನ ಅಲಂಕಾರ ಕಳಿಸುತ್ತಾಳೆ. ದುಂಡಗೆ ಬಿಳಿ ಬಿಸ್ಕತ್ತಿನ ಹಾಗೆ. ಅದರಲ್ಲಿರುವ ಐದು ತೂತು ಯೇಸುವಿನ ಐದು ಗಾಯ, ಮೇಲೆ ಹೂವಿನ ಚಿತ್ರ ಈಸ್ಟರ್ ಲಿಲ್ಲಿ, ಹಿಂದೆ ಕ್ರಿಸ್‌ಮಸ್‌ನ ಪಾಯಿನ್‌ಸೆಟಿಯಾ ಹೂ, ಒಡೆದರೆ ಒಳಗೆ ಐದು ಪುಟ್ಟ ಪಾರಿವಾಳ ಅಂತ ಅಲ್ಲಿಯವರ ಕಥೆ. ನಮ್ಮ ಸಮುದ್ರದಲ್ಲೂ ಇದು ಸಿಗುತ್ತದಾ ಮೇಷ್ಟ್ರೇ?

ನಿವೃತ್ತ_ಮೇಷ್ಟ್ರು

ನಮ್ಮ ಕಡೆಯೂ ಇದರ ಬಳಗ ಇದೆ. ಆದರೆ ನಮ್ಮ ಎಕೈನೋಡಿಸ್ಕಸ್‌ಗೆ ಐದಲ್ಲ, ಎರಡೇ ಸೀಳು. ಆ ಕಥೆ ಹುಟ್ಟಿದ್ದು ಅಮೆರಿಕದ ಐದು ತೂತಿನ ಜಾತಿ ನೋಡಿ. ಮೇಲಿನ ಹೂವು ನಿಜವಾಗಿ ಅದು ಉಸಿರಾಡುವ ಕೊಳವೆ ಪಾದಗಳ ಸಾಲು. ಪಾರಿವಾಳ ಅನ್ನುವುದು ಅದರ ದವಡೆಯ ಐದು ತುಂಡು. ಕಥೆ ಕಥೆಯಾಗಿಯೇ ಚೆನ್ನಾಗಿದೆ, ನಾನು ಕೆಡಿಸುವುದಿಲ್ಲ. ಬಿಳಿಯಾಗಿ ಗರಿಗರಿ ಒಣಗಿ ಬಿದ್ದಿದ್ದರೆ ಸತ್ತದ್ದು. ಕಂದು ಅಥವಾ ನೇರಳೆ ಬಣ್ಣ ಇದ್ದು ಮೈಮೇಲೆ ವೆಲ್ವೆಟ್ಟಿನಂಥ ಮುಳ್ಳಿದ್ದರೆ ಜೀವ ಇದೆ, ನೀರಿಗೆ ಬಿಡಿ.

ಮಲ್ಪೆ_ಮೂಲ

ಪಚ್ಚಿಲೆ ಬಗ್ಗೆ ಯಾರೂ ಹೇಳಲಿಲ್ಲ. ಬಂಡೆಗೆ ಅಂಟಿಕೊಂಡಿರುವ ಉದ್ದನೆಯ ಹಸಿರು ಚಿಪ್ಪು. ಒಳಗೆ ಬೆಳ್ಳಿ ಮೈ, ಅಂಚಿಗೆ ನವಿಲು ಹಸಿರು. ಮರಕ್ಕೆ ಇದಕ್ಕಿಂತ ಚೆಂದದ ಚಿಪ್ಪು ಇನ್ನೊಂದಿಲ್ಲ ಅಂತ ನನ್ನ ವಾದ. ಐದನ್ನು ಚೂಪು ತುದಿ ಒಳಗೆ ಮಾಡಿ ಜೋಡಿಸಿದರೆ ನಕ್ಷತ್ರ. ಇದಕ್ಕೆ ಮಾತ್ರ ಬ್ಲೀಚ್ ಹಾಕಬೇಡಿ. ಆ ಹಸಿರು ಇರುವುದು ಮೇಲಿನ ತೆಳು ಸಿಪ್ಪೆಯಲ್ಲಿ, ಬ್ಲೀಚಿಗೆ ಎದ್ದುಹೋಗುತ್ತದೆ. ಒಣಗಿದ ಮೇಲೂ ಅದು ಚಕ್ಕೆ ಚಕ್ಕೆಯಾಗಿ ಏಳಬಹುದು. ಅದಕ್ಕೆ ಪೂರ್ತಿ ಒಣಗಿದ ತಕ್ಷಣ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಕೋಟ್ ಹೊಡೆದುಬಿಡಿ.

ಯೂಟ್ಯೂಬ್_ಗುರು

ಗೋಲ್ಡ್ ಸ್ಪ್ರೇ, ಗ್ಲಿಟರ್ ಯಾವಾಗ?

ಕಮ್ಮನಹಳ್ಳಿ_ಕುಸ್ವಾರ್

ಎಲ್ಲದಕ್ಕೂ ಬಂಗಾರ ಬಳಿದರೆ ಅಂಗಡಿಯ ಪ್ಲಾಸ್ಟಿಕ್ ಗುಂಡಿಗೂ ಇದಕ್ಕೂ ಏನು ವ್ಯತ್ಯಾಸ? ಅಂಚಿಗೆ ಮಾತ್ರ ಸಣ್ಣ ಬ್ರಷ್‌ನಲ್ಲಿ ಅಕ್ರಿಲಿಕ್ ಬಂಗಾರ ಎಳೆಯಿರಿ. ಸಾಕು. ಗ್ಲಿಟರ್ ಮುಂದಿನ ಕ್ರಿಸ್‌ಮಸ್‌ವರೆಗೂ ಸೋಫಾದಲ್ಲಿ ಸಿಗುತ್ತಿರುತ್ತದೆ.

ಕಾಕ್ಸ್‌ಟೌನ್_ಮನೆ

ಮರ ಹೊರುತ್ತದಾ? ನಮ್ಮದು ಕುಂಡದಲ್ಲಿರುವ ಅರಕೇರಿಯಾ, ನರ್ಸರಿಯವರು ಕ್ರಿಸ್‌ಮಸ್ ಟ್ರೀ ಅಂತಲೇ ಕೊಟ್ಟದ್ದು.

ವೈಟ್‌ಫೀಲ್ಡ್_ಅಂಕಲ್

ಅದರ ಕೊಂಬೆ ತುದಿ ಬಹಳ ಮೆದು. ದೇವದೂತನನ್ನು ಕಾಂಡದ ಹತ್ತಿರ ಕಟ್ಟಿ, ಒಂಟಿ ಚಿಪ್ಪುಗಳನ್ನು ತುದಿಗೆ. ನಾವು ಚಿಕ್ಕವರಿದ್ದಾಗ ಸರ್ವೆ ಮರದ ಕೊಂಬೆ ತಂದು ಬಕೆಟ್ ಮರಳಲ್ಲಿ ನಿಲ್ಲಿಸುತ್ತಿದ್ದೆವು, ಅದಕ್ಕೆ ಕಾಗದದ ಹೂ ಕಟ್ಟಿದರೂ ಬಾಗುತ್ತಿತ್ತು. ಬೆಕ್ಕು ಇದ್ದರೆ ಕೆಳಗಿನ ಎರಡು ಸುತ್ತು ಖಾಲಿ ಬಿಡಿ.

ನಿವೃತ್ತ_ಮೇಷ್ಟ್ರು

ಹಬ್ಬ ಮುಗಿದ ಮೇಲೆ ಎತ್ತಿಡುವ ಬಗ್ಗೆ ಒಂದು ಮಾತು. ಮರದ ಪೆಟ್ಟಿಗೆಯಲ್ಲಿ, ಅಗ್ಗದ ರಟ್ಟಿನ ಡಬ್ಬದಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟರೆ ಚಿಪ್ಪಿನ ಮೇಲೆ ಬಿಳೀ ಉಪ್ಪಿನ ಪುಡಿ ಏಳುತ್ತದೆ. ಮರ, ರಟ್ಟು ಬಿಡುವ ಆಮ್ಲದ ಆವಿ ತೇವದ ಜೊತೆ ಸೇರಿ ಚಿಪ್ಪನ್ನು ತಿನ್ನುವುದು ಇದು. ಮ್ಯೂಸಿಯಂನವರಿಗೆ ದೊಡ್ಡ ತಲೆನೋವು, ಬೈನ್ ಕಾಯಿಲೆ ಅನ್ನುತ್ತಾರೆ, ಹೆಸರು ಕಾಯಿಲೆ ಆದರೂ ಸೋಂಕೇನಲ್ಲ. ಪ್ಲಾಸ್ಟಿಕ್ ಡಬ್ಬ, ಒಳಗೆ ಹಳೇ ಹತ್ತಿ ಬಟ್ಟೆ, ಶೂ ಡಬ್ಬದಲ್ಲಿ ಬರುತ್ತದಲ್ಲ ಆ ಸಿಲಿಕಾ ಪೊಟ್ಟಣ ಎರಡು ಹಾಕಿ. ವಾರ್ತಾಪತ್ರಿಕೆಯಲ್ಲಿ ಸುತ್ತಬೇಡಿ.

ಕಾಕ್ಸ್‌ಟೌನ್_ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ವಾರಾಂತ್ಯವೇ ಮರುವಾಯಿ ಹೇಳಿಡುತ್ತೇನೆ. ಡಿಸೆಂಬರ್‌ವರೆಗೆ ಕಾಯಬೇಕಾ, ಈಗಲೇ ಶುರು ಮಾಡಬಹುದಾ?

ಮಲ್ಪೆ_ಮೂಲ

ಈಗಲೇ ತರಿಸಿ ಅಕ್ಕ. ಕೇರಳದ ಅಷ್ಟಮುಡಿಯಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಮೊಟ್ಟೆ ಇಡುವ ಕಾಲ ಅಂತ ಕಪ್ಪೆಚಿಪ್ಪು ತೆಗೆಯುವುದನ್ನೇ ನಿಲ್ಲಿಸುತ್ತಾರೆ. ನವೆಂಬರಿನಲ್ಲೇ ಉಂಡು, ತೊಳೆದು, ಒಣಗಿಸಿ ಇಟ್ಟುಕೊಂಡರೆ ಮಕ್ಕಳು ಬರುವಷ್ಟರಲ್ಲಿ ವಾಸನೆಯೂ ಇರುವುದಿಲ್ಲ.

ಬಸವನಗುಡಿ_ಗೊಂಬೆಮನೆ

ಒಂದು ಸಂಕೋಚದ ವಿಷಯ ಕೇಳಲಾ? ನಮ್ಮದು ಸಸ್ಯಾಹಾರದ ಮನೆ, ಮರುವಾಯಿ ಬೇಯಿಸುವ ಹಾಗಿಲ್ಲ. ಆದರೆ ಆ ರೆಕ್ಕೆಯ ಐಡಿಯಾ ನನಗೆ ಬಹಳ ಹಿಡಿಸಿತು, ಮುಂದಿನ ದಸರಾಕ್ಕೆ ಹಂಸ ಮಾಡಬಹುದು ಅನ್ನಿಸುತ್ತಿದೆ. ತೊಳೆದು ಒಣಗಿಸಿದ ಜೋಡಿ ಚಿಪ್ಪು ಯಾರಾದರೂ ಕೊಡುತ್ತೀರಾ? ಬದಲಿಗೆ ಮುತ್ತಿನ ಮಣಿ, ಜರಿದಾರ, ಬಂಗಾರದ ತಂತಿ ನನ್ನ ಹತ್ತಿರ ಡಬ್ಬಗಟ್ಟಲೆ ಇದೆ.

ಕಮ್ಮನಹಳ್ಳಿ_ಕುಸ್ವಾರ್

ಅಯ್ಯೋ ಅದಕ್ಕೇನಂತೆ ಆಂಟಿ, ನಮ್ಮನೆಯಲ್ಲಿ ಚೀಲ ತುಂಬಾ ಇದೆ. ಚೆನ್ನಾಗಿ ಕುದಿಸಿ, ಬಿಸಿಲಿಗೆ ಹಾಕಿ, ವಾಸನೆ ನೋಡಿಯೇ ಕೊಡುತ್ತೇನೆ. ಮಣಿ ಬಿಳಿಯದೇ ಬೇಕು, ಹನ್ನೆರಡು ಮಿ.ಮೀ. ಇದ್ದರೆ ತಲೆಗೆ ಸರಿಯಾಗುತ್ತದೆ. ಮೆಸೇಜ್ ಮಾಡಿ, ಯಾವುದಾದರೂ ಮೆಟ್ರೋ ಸ್ಟೇಷನ್ ಹತ್ತಿರ ಕೊಟ್ಟು ತಗೊಳ್ಳೋಣ.

ನೈಟ್‌ಶಿಫ್ಟ್

ನನಗೆ ಚಿಪ್ಪು ಬೇಡ, ಆ ಸುಕ್ಕ ಯಾರು ಮಾಡ್ತೀರೋ ಅವರ ಅಡ್ರೆಸ್ ಕೊಡಿ.